ಅಜ್ಜಿ ಒಳಗಿದ್ದರು, ನಾವು ಗೇಟಿನ ಹೊರಗೆ

ಬೆಂಗಳೂರಿನ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ ಹೊರಗಿನ ಸೇವೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಶನಿವಾರ ವಿಕ್ಟೋರಿಯಾ ಆಸ್ಪತ್ರೆ ಹತ್ತಿರ ರೋಗಿಗಳ ಕಡೆಯವರಿಗೆ ಊಟ. ಬುಧವಾರ ಕಟ್ಟಡ ಕೆಲಸದವರ ಶೆಡ್ಡುಗಳಲ್ಲಿ ಮಕ್ಕಳಿಗೆ ಪಾಠ. ಸೇವೆ ಚೆನ್ನಾಗಿ ನಡೀತಿದೆ ಅಂತಲೇ ಅಂದುಕೊಂಡಿದ್ದೆ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ಅಜ್ಜಿಯ ಸೊಸೆ ಬಂದು ನಿಂತರು. "ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ್ರು. ವಿಕ್ಟೋರಿಯಾದಲ್ಲೇ ಇದ್ರು. ಸಭೆಯಿಂದ ಯಾರೂ ಬರಲಿಲ್ಲ ಬ್ರದರ್."

ಮೂರು ಶನಿವಾರ ನಾವು ಗೇಟಿನ ಹೊರಗೆ ಅನ್ನ ಸಾಂಬಾರ್ ಬಡಿಸಿದ್ದೆವು. ಆ ಊಟಕ್ಕೆ ವರ್ಷಗಟ್ಟಲೆ ಈರುಳ್ಳಿ ಸುಲಿದುಕೊಟ್ಟ ಕೈ ಒಳಗೆ ವಾರ್ಡಿನಲ್ಲಿತ್ತು. ಅವರು ಕೂರುತ್ತಿದ್ದ ಬೆಂಚು ಖಾಲಿ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸಂಜೆಯೇ ಮನೆಗೆ ಹೋದೆ. ಅಜ್ಜಿ ಕೇಳಿದ್ದು ಒಂದೇ: "ಶನಿವಾರದ ಊಟ ನಿಂತಿಲ್ಲ ತಾನೇ?"

ಕಮಿಟಿಯಲ್ಲಿ ವಿಷಯ ಇಟ್ಟೆ. ಹೊರಗಿನದ್ದು ಸ್ವಲ್ಪ ದಿನ ನಿಲ್ಲಿಸೋಣ, ಮೊದಲು ನಮ್ಮವರನ್ನು ನೋಡೋಣ ಅಂದರು ಕೆಲವರು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಬೈಬಲಿನಲ್ಲಿ ಮಾರ್ಕ 3:14 ನೋಡಿ. ಯೇಸು ಹನ್ನೆರಡು ಮಂದಿಯನ್ನು ಆರಿಸಿದ್ದು ತನ್ನ ಜೊತೆ ಇರಲಿ ಅಂತ, ಮತ್ತೆ ಸಾರೋಕೆ ಕಳಿಸಬೇಕು ಅಂತ. ಎರಡೂ ಒಂದೇ ಉಸಿರಿನಲ್ಲಿದೆ. ಅಪೊಸ್ತಲರ ಕೃತ್ಯಗಳು 6ರಲ್ಲಿ, ಯೆರೂಸಲೇಮಿನ ಮೊದಲ ಸಭೆಯಲ್ಲಿ, ದಿನದ ಊಟದ ಹಂಚಿಕೆಯಲ್ಲಿ ಕೆಲವು ವಿಧವೆಯರನ್ನು ಕಡೆಗಣಿಸಿದರು ಅಂತ ಗೊಣಗಾಟ ಬಂತು. ಆಗ ಸಾರುವುದನ್ನೂ ನಿಲ್ಲಿಸಲಿಲ್ಲ, ಹಂಚುವುದನ್ನೂ ನಿಲ್ಲಿಸಲಿಲ್ಲ. ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸಿದರು. ಪೌಲ, ಬಾರ್ನಬರನ್ನು ಊರೂರಿಗೆ ಸಾರೋಕೆ ಕಳಿಸಿದ್ದು ಅಂತಿಯೋಕ್ಯ ಪಟ್ಟಣದ ಸಭೆ. ಅವರು ವಾಪಸ್ ಬಂದು ಸಭೆಯನ್ನೆಲ್ಲ ಕೂಡಿಸಿ ನಡೆದದ್ದನ್ನು ಹೇಳಿದರು. ನಾನು? ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿ ಸುಮ್ನಾಗುತ್ತಿದ್ದೆ.

ಈಗ 300 ಊಟದ ಬದಲು 180 ಮಾಡುತ್ತೇವೆ. ಕೆಲವು ಹಿರಿಯರಿಗೆ ಇದು ಬೇಸರ, ನನಗೂ ನೋವಿದೆ. ಆದರೆ ಪ್ರತಿ ಶನಿವಾರ ಹೊಸಬರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇವೆ. ಬರುವಾಗ ಸಭೆಯವರದ್ದೇ ಒಂದು ಮನೆಗೆ ಹೋಗಿ ಕೂರುತ್ತೇವೆ. ಯೇಸುವಿನ ಶಿಷ್ಯರಾಗಿ ಬಾಳುವುದನ್ನು ಕಲಿಸುವ ಶಿಷ್ಯತ್ವದ ಕ್ಲಾಸು ನಾನೂ ಎಷ್ಟೋ ನಡೆಸಿದ್ದೇನೆ. ಹೀಗೆ ಜೊತೆಯಲ್ಲಿ ನಡೆದಾಗ ಕಲಿಯುವುದು ಜಾಸ್ತಿ.

ಕಾಲೇಜು ಹುಡುಗನೊಬ್ಬ ಮೊದಲ ದಿನ ಅಜ್ಜಿ ಮನೆಯಲ್ಲಿ ಟಿಫನ್ ಕ್ಯಾರಿಯರ್ ಹಿಡಿದು ಬಾಗಿಲಲ್ಲೇ ನಿಂತಿದ್ದ. ಮೂರನೇ ಸಲ ಅಜ್ಜಿಯೇ ಕೈ ಹಿಡಿದು "ನೀನು ಪ್ರಾರ್ಥನೆ ಮಾಡಪ್ಪ" ಅಂದರು. ತೊದಲಿದ. ಆದರೂ ಮುಗಿಸಿದ. ಈಗ ಅವನೇ ಪ್ರತಿ ಶುಕ್ರವಾರ ಅವರ ಮನೆಗೆ ಹೋಗುತ್ತಾನೆ. ಅಜ್ಜಿ ಮಂಚದ ಮೇಲೆ ಕೂತು ಸುಲಿದಿಟ್ಟ ಈರುಳ್ಳಿ ಚೀಲ ತರುತ್ತಾನೆ.