ಟ್ರಯಾಜ್ ಮೇಜಿನಲ್ಲಿ ಹಳೆ ಕಾಯಿಲೆಯನ್ನು ಓದುವುದು

ನಾಡಿ 84, ಬಿಪಿ 108/70, ಜ್ವರವಿಲ್ಲ. ಟ್ರಯಾಜ್, ಅಂದರೆ ಎಮರ್ಜೆನ್ಸಿಗೆ ಬಂದವರಲ್ಲಿ ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವ ಮೇಜಿನಲ್ಲಿ, ಎಪ್ಪತ್ತು ದಾಟಿದವರ ಚೀಟಿಯಲ್ಲಿ ಇಷ್ಟೇ ಇದ್ದರೆ ಯಾರೂ ಗಾಬರಿಯಾಗುವುದಿಲ್ಲ. ಅದೇ ಚೀಟಿಗೆ ಮೂರು ಮಾತು ಸೇರಿಸಿ: ದಿನಾ ನಾಡಿ ನಿಧಾನಿಸುವ ಮೆಟೊಪ್ರೊಲಾಲ್ ಮಾತ್ರೆ ನುಂಗುತ್ತಾರೆ, ಮಾಮೂಲಿ ಬಿಪಿ 160ರ ಆಸುಪಾಸು, ಎರಡು ದಿನದಿಂದ ಮಲ ಡಾಂಬರಿನಂತೆ ಕಪ್ಪು (ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಸೂಚನೆ). ಆ 84ನ್ನು ಈಗ ನಂಬುವಂತಿಲ್ಲ, ನಾಡಿ ಏರದಂತೆ ಮಾತ್ರೆ ಹಿಡಿದಿಟ್ಟಿರಬಹುದು. ಬಿಪಿಯಂತೂ 50ಕ್ಕೂ ಹೆಚ್ಚು ಇಳಿದಿದೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸುವ ಶಾಕ್ ಇಂಡೆಕ್ಸ್ ಮಾತ್ರ 0.78 ತೋರಿಸುತ್ತದೆ. ಸಾಮಾನ್ಯವಾಗಿ ಎಚ್ಚರಿಕೆ ಕೊಡುವುದು 0.9 ದಾಟಿದ ಮೇಲೆ.

ಹಳೆ ಕಾಯಿಲೆಗಳಿಗೆ ಅಂಕ ಹಾಕಿ ಕೂಡಿಸಿದರೆ ತೀವ್ರತೆ ಸಿಕ್ಕಿಬಿಡುತ್ತದೆ ಎಂಬ ನಂಬಿಕೆ ಎಡವುವುದು ಇಲ್ಲೇ. 1987ರ ಚಾರ್ಲ್ಸನ್ ಸೂಚ್ಯಂಕದಲ್ಲಿ 19 ಕಾಯಿಲೆಗಳಿವೆ: ಹೃದಯ ವೈಫಲ್ಯಕ್ಕೆ 1, ಬಲಿತ ಲಿವರ್ ಕಾಯಿಲೆಗೆ 3, ಹರಡಿದ ಕ್ಯಾನ್ಸರ್‌ಗೆ 6. ಆದರೆ ಅದನ್ನು ಕಟ್ಟಿದ್ದು ಒಂದು ವರ್ಷದೊಳಗಿನ ಸಾವನ್ನು ಅಂದಾಜಿಸಲು. ಎಮರ್ಜೆನ್ಸಿಗೆ ಬೇಕಿರುವುದು ಮುಂದಿನ ಕೆಲವು ಗಂಟೆಗಳ ಲೆಕ್ಕ. ಹರಡಿದ ಕ್ಯಾನ್ಸರ್ ಇರುವವರು ಕಾಲು ಉಳುಕಿಸಿಕೊಂಡು ಬಂದರೂ ಅಂಕ 6. ಅಪಘಾತದಲ್ಲಿ ಗುಲ್ಮ (ಸ್ಪ್ಲೀನ್, ಸೋಂಕು ತಡೆಯಲು ನೆರವಾಗುವ ಅಂಗ) ಕಳೆದುಕೊಂಡವರು ಜ್ವರ ಎಂದು ಬಂದರೆ ಆ ಕಾರಣಕ್ಕೆ ಸೊನ್ನೆ. ಗಂಟೆಗಳಲ್ಲಿ, ಸೋಂಕಿಗೆ ಅಂಗಗಳೇ ಕೈಕೊಡುವ ಸೆಪ್ಸಿಸ್‌ನಿಂದ ಜೀವ ಹೋಗಬಹುದಾದವರು ಇವರೇ!

ಹಾಗಾಗಿ ಕಾಯಿಲೆಯನ್ನು ಬಂದಿರುವ ತೊಂದರೆಯ ಜೊತೆಗಿಟ್ಟೇ ನೋಡಬೇಕು. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದು, ಹಾಗಾಗಿ ಬರೀ ಬೆವರು, ಉಬ್ಬಸವಿದ್ದರೂ 10 ನಿಮಿಷದೊಳಗೆ ಇಸಿಜಿ. ಡಯಾಲಿಸಿಸ್ ತಪ್ಪಿಸಿಕೊಂಡವರು ಸುಸ್ತು ಎಂದರೆ ಮೊದಲು ಹೃದಯ ಬಡಿತ ಕೆಡಿಸುವಷ್ಟು ಏರಿರಬಹುದಾದ ಪೊಟ್ಯಾಸಿಯಂ ನೆನಪಾಗಬೇಕು, ಅಲ್ಲೂ ಇಸಿಜಿ ತಡವಾಗಬಾರದು. ಕೀಮೋ ನಡೆಯುತ್ತಿರುವಾಗ 38.3 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬಿಳಿ ರಕ್ತಕಣದ ವರದಿಗೆ ಕಾಯದೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್.

ನಾಡಿ, ಉಸಿರು, ಬಿಪಿ ಮುಂತಾದವಕ್ಕೆ ಅಂಕ ಕೊಟ್ಟು ತೀವ್ರತೆ ಅಳೆಯುವ ನ್ಯೂಸ್2ರಲ್ಲಿ ರಕ್ತದ ಆಮ್ಲಜನಕಕ್ಕೆ ಎರಡು ಅಳತೆಗಳಿವೆ. ಹೆಚ್ಚುವರಿ ಆಮ್ಲಜನಕ ಕೊಡದೆ ಬರೀ ಗಾಳಿಯಲ್ಲೇ 90 ಶೇಕಡಾ ಇದ್ದರೆ ಮೊದಲನೆಯದರಲ್ಲಿ 3 ಅಂಕ, ಎರಡನೆಯದರಲ್ಲಿ ಸೊನ್ನೆ. ಎರಡನೆಯದು ಇಂಗಾಲದ ಡೈಆಕ್ಸೈಡ್ ಏರುವ ಉಸಿರಾಟ ವೈಫಲ್ಯ ಖಚಿತವಾದವರಿಗೆ ಮಾತ್ರ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಎಂದು ಬರೆದಿರುವ ಎಲ್ಲರಿಗೂ ಅದನ್ನೇ ಹಾಕಿದರೆ ನಿಜವಾದ ಕುಸಿತ ಮುಚ್ಚಿಹೋಗುತ್ತದೆ.

ಈ ತೀವ್ರತೆಯನ್ನು ಅಂದಾಜಿಸುವ ಕಂಪ್ಯೂಟರ್ ಮಾದರಿ ಕಟ್ಟುವವರು ಹೆಚ್ಚಾಗಿ ಎಡವುವುದು ದತ್ತಾಂಶದಲ್ಲಿ. ‘ಕಾಯಿಲೆ ಇಲ್ಲ’ ಮತ್ತು ‘ಗೊತ್ತಿಲ್ಲ’ ಎರಡಕ್ಕೂ ಸೊನ್ನೆ ತುಂಬಬೇಡಿ. ಪ್ರಜ್ಞೆ ತಪ್ಪಿ ಬಂದವರ ಇತಿಹಾಸವೇ ಖಾಲಿಯಿರುತ್ತದೆ, ಮಾದರಿ ಅವರನ್ನು ಆರೋಗ್ಯವಂತರೆಂದು ಎಣಿಸಿಬಿಡುತ್ತದೆ. ಡಿಸ್ಚಾರ್ಜ್ ಆದ ಮೇಲೆ ಹಾಕಿದ, ಕಾಯಿಲೆಯನ್ನು ಗುರುತಿಸುವ ಐಸಿಡಿ ಕೋಡ್‌ಗಳನ್ನು ಕೊಟ್ಟರೆ ಉತ್ತರವನ್ನೇ ಮೊದಲು ತೋರಿಸಿದ ಹಾಗೆ. ‘ಅಡ್ಮಿಟ್ ಆದರು’ ಎಂಬುದನ್ನು ತೀವ್ರತೆಯ ಗುರುತಾಗಿ ಹಿಡಿಯುವಾಗಲೂ ಜೋಪಾನ: ಹಳೆ ಕಾಯಿಲೆಯಿದ್ದವರನ್ನು ಮುನ್ನೆಚ್ಚರಿಕೆಗೆಂದೇ ದಾಖಲಿಸಿಕೊಳ್ಳುತ್ತಾರೆ, ಮಾದರಿ ಕಲಿಯುವುದು ಆ ರೂಢಿಯನ್ನು.

ಇತಿಹಾಸ ಸಿಗದಿದ್ದರೆ ಮಾತ್ರೆ ಚೀಲ ಕೇಳಿ. ಫ್ಯೂರೊಸೆಮೈಡ್, ಕಾರ್ವೆಡಿಲಾಲ್, ಸ್ಪೈರೊನೊಲ್ಯಾಕ್ಟೋನ್ ಒಟ್ಟಿಗಿದ್ದರೆ ಹೃದಯ ವೈಫಲ್ಯವನ್ನು ಊಹಿಸಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕಂಡರೆ, ತಲೆಗೆ ಪೆಟ್ಟಾದವರು ಚೆನ್ನಾಗಿ ಮಾತಾಡುತ್ತಿದ್ದರೂ ಸಿಟಿ ಸ್ಕ್ಯಾನ್‌ನ ಯೋಚನೆ ಬರಬೇಕು. ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್, ಹಠಾತ್ತನೆ ನಿಲ್ಲಿಸಿದರೆ ಅಪಾಯ) ಇದ್ದರೆ ಎಷ್ಟು ದಿನದಿಂದ, ಯಾವಾಗ ನಿಲ್ಲಿಸಿದರು ಎಂದೂ ಕೇಳಿ.