ಇಎನ್24 ರಾಡಿಗೆ ಗಣಕದಲ್ಲಿ ಹದ: ಆರನೇ ವಾರ

ಇಎನ್24 ಎಂಬ ಮಿಶ್ರಲೋಹ ಉಕ್ಕಿನ ರಾಡನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿದಾಗ ಒಳಗೆ ಏನಾಗುತ್ತದೆ ಎಂದು ಗಣಕದಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಹೋದ ವಾರ ಆ ಲೆಕ್ಕದ ಉಷ್ಣತೆಗಳೆಲ್ಲ ಹುಚ್ಚೆದ್ದು ಹೋಗಿದ್ದವು, ಕಾರಣ ಸಿಕ್ಕಿತು. 25 ಮಿ.ಮೀ. ವ್ಯಾಸದ ರಾಡನ್ನು ಅರ್ಧ ಮಿ.ಮೀ. ಪದರಗಳಾಗಿ ವಿಂಗಡಿಸಿ, ಶಾಖದ ಹರಿವನ್ನು ಪೈಥಾನ್‌ನಲ್ಲಿ 0.05 ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತಿದ್ದೆ. ಇಷ್ಟು ತೆಳುವಾದ ಪದರಕ್ಕೆ ಆ ಅಂತರ ಸುಮಾರು 0.02 ದಾಟುವಂತಿಲ್ಲ. ದಾಟಿದ್ದರಿಂದ ಒಂದು ಪದರ ಲಕ್ಷ ಡಿಗ್ರಿಗೆ ಏರಿದರೆ ಪಕ್ಕದ್ದು ಸೊನ್ನೆಗಿಂತ ಲಕ್ಷ ಡಿಗ್ರಿ ಕೆಳಗೆ! 0.01 ಇಟ್ಟೆ, ತೆಪ್ಪಗಾಯಿತು.

ಇನ್ನು ಮಾರ್ಟೆನ್ಸೈಟ್, ಅಂದರೆ ಉಕ್ಕಿಗೆ ಗಡಸುತನ ಕೊಡುವ ಹರಳು ರೂಪ. 850 ಡಿಗ್ರಿಯಲ್ಲಿ ಈ ಉಕ್ಕಿನೊಳಗೆ ಇರುವುದು ಆಸ್ಟೆನೈಟ್, ಅಂದರೆ ಕಾದ ಉಕ್ಕಿನ ಹರಳು ರೂಪ. ಎಣ್ಣೆಯಲ್ಲಿ ಅದ್ದಿದಾಗ ಇಂಗಾಲಕ್ಕೆ ಜಾಗ ಬಿಟ್ಟು ಹೊರಡಲು ಪುರಸೊತ್ತು ಸಿಗುವುದಿಲ್ಲ; ಅದನ್ನು ಒಳಗಿಟ್ಟುಕೊಂಡೇ ಹರಳು ಸೆಟೆದು ಮಾರ್ಟೆನ್ಸೈಟ್ ಆಗುತ್ತದೆ. ಇದು ಶುರುವಾಗುವ ಉಷ್ಣತೆಗೆ 1965ರ ಆಂಡ್ರ್ಯೂಸ್ ಸೂತ್ರ ಹಾಕಿದೆ. 539ರಿಂದ ಇಂಗಾಲದ ಶೇಕಡಾಂಶದ 423 ಪಟ್ಟನ್ನು ಕಳೆಯಬೇಕು; ಮ್ಯಾಂಗನೀಸ್, ನಿಕಲ್, ಕ್ರೋಮಿಯಂ, ಮಾಲಿಬ್ಡಿನಂಗಳಿಗೂ ಅವುಗಳದೇ ಕಡಿತವಿದೆ. ಉತ್ತರ 537 ಬಂತು. ಶೇ. 0.40 ಇಂಗಾಲವನ್ನು ಜಾಣತನ ಮಾಡಿ 0.004 ಎಂದು ತುಂಬಿದ್ದೆ, ಉಳಿದ ಲೋಹಗಳನ್ನೂ ಹಾಗೆಯೇ. ತಿದ್ದಿದ ಮೇಲೆ 305.

ಎಷ್ಟು ಆಸ್ಟೆನೈಟ್ ಬದಲಾಗುತ್ತದೆ ಎನ್ನುವುದಕ್ಕೆ 1959ರ ಕೊಯ್ಸ್ಟಿನೆನ್–ಮಾರ್‌ಬರ್ಗರ್ ಸೂತ್ರ. ಒಂದೇ ಸಾಲು, ಅದರಲ್ಲಿ ಕಾಲದ ಸುದ್ದಿಯೇ ಇಲ್ಲ; 305ರಿಂದ ಎಷ್ಟು ಕೆಳಗಿಳಿದಿರಿ ಎಂಬುದಷ್ಟೇ ಅದಕ್ಕೆ ಬೇಕು. 25 ಡಿಗ್ರಿಗೆ ಇಳಿದರೆ ಬದಲಾಗದೆ ಉಳಿಯುವ ಆಸ್ಟೆನೈಟ್ ಶೇ. 4.6. ಆತುರಪಟ್ಟು 80 ಡಿಗ್ರಿಯಲ್ಲೇ ಟೆಂಪರಿಂಗ್ (ಗಡಸಾದ ಉಕ್ಕಿನ ಬಿರುಸು ತಗ್ಗಿಸಲು ಮತ್ತೆ ಹದವಾಗಿ ಕಾಯಿಸುವುದು) ಕುಲುಮೆಗೆ ತಳ್ಳಿದರೆ ಶೇ. 8.4. ಅನುಭವಸ್ಥರು ರಾಡು ಬರಿಗೈಯಲ್ಲಿ ಹಿಡಿಯುವಷ್ಟು ಆರಲಿ ಎಂದು ಕಾಯುವುದು ಸುಮ್ಮನೆ ಅಲ್ಲ.

ನಿಜವಾದ ಪೇಚಾಟ ಇದಾದ ಮೇಲೆ. ಪೀಣ್ಯದ ಪರಿಚಿತರೊಬ್ಬರ ವರ್ಕ್‌ಶಾಪಿನಲ್ಲಿ ಒಂದು ತುಂಡನ್ನು ಕಾಯಿಸಿ ಎಣ್ಣೆಗೆ ಹಾಕಿಸಿದ್ದೆ. ಲೆಕ್ಕದ ಪ್ರಕಾರ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 55ರ ಆಸುಪಾಸು ಇರಬೇಕು. ಮುಳ್ಳು ನಿಂತದ್ದು 46ಕ್ಕೆ. ಮೂರು ರಾತ್ರಿ ಕೋಡ್ ಕೆದಕಿದೆ. ಎಣ್ಣೆ ಶಾಖ ಹೀರುವ ದರ ತಪ್ಪೇ? ನಡುವೆ ಬೈನೈಟ್, ಅಂದರೆ ನಿಧಾನವಾಗಿ ತಣಿದರೆ ಹುಟ್ಟುವ ಮಾರ್ಟೆನ್ಸೈಟ್‌ಗಿಂತ ಮೆದು ರೂಪ, ನುಸುಳಿತೇ? ಈ ದಪ್ಪದ ಇಎನ್24 ಎಣ್ಣೆಯಲ್ಲಿ ತಿರುಳಿನವರೆಗೂ ಗಡಸಾಗುತ್ತದೆ ಎಂದು ಗೊತ್ತಿದ್ದೂ ಬೈನೈಟನ್ನೇ ಬೈದುಕೊಂಡೆ. ಕೊನೆಗೆ ಅಲ್ಲಿನ ಗ್ರೈಂಡರ್ ಆಪರೇಟರ್ ತುಂಡನ್ನು ಬೆಳಕಿಗೆ ತಿರುಗಿಸಿ ನೋಡಿ, "ಮೇಲಿನ ಚರ್ಮ ತೆಗೆಯದೆ ಅಳೆದರೆ ಹೇಗೆ ಸಾರ್?" ಎಂದರು. ಅರ್ಧ ಮಿ.ಮೀ. ಉಜ್ಜಿಸಿ ಮತ್ತೆ ಅಳೆದೆವು: 55, 55, 54. ಬಿಸಿಯಲ್ಲಿ ಗಾಳಿ ತಾಗಿ ಹೊರಮೈಯ ಇಂಗಾಲ ಉರಿದುಹೋಗಿತ್ತು. ಮೆದು ಚರ್ಮವನ್ನು ಅಳೆದು ಕೋಡಿನ ಮೇಲೆ ಗೂಬೆ ಕೂರಿಸಿದ್ದೆ.

ಈಗ ಪ್ರತಿ ಪದರಕ್ಕೂ ಬೇರೆ ಇಂಗಾಲ ಕೊಡುತ್ತಿದ್ದೇನೆ. ಹೊರಪದರಕ್ಕೆ ಶೇ. 0.15 ಇಟ್ಟರೆ ಮಾರ್ಟೆನ್ಸೈಟ್ ಶುರುವಾಗುವುದು 411ರಲ್ಲೇ. ಹೊರಗೆ ತಣ್ಣಗಾಗುವುದೂ ಮೊದಲು, ಬದಲಾಗುವುದೂ ಮೊದಲು. ಆಮೇಲೆ ಒಳಗಿನದು ಬದಲಾಗುತ್ತಾ ಹಿಗ್ಗಿ ಚರ್ಮವನ್ನು ಎಳೆಯುತ್ತದೆ. ಆ ಎಳೆತ ಎಷ್ಟು ಎಂಬ ಲೆಕ್ಕ ಈ ಹೊತ್ತಿಗೆ ಓಡುತ್ತಿದೆ, ಲ್ಯಾಪ್‌ಟಾಪ್ ಫ್ಯಾನ್ ಬುಸುಗುಡುತ್ತಿದೆ. ಟೆಂಪರಿಂಗ್ ಬರುವ ವಾರ.