ಪತ್ರಿಕೆಯ ಹೆಸರು ದೊಡ್ಡದಿದ್ದರೆ ಸಾಕಾ?

ಕಾಲೇಜಿನ ಸಂಶೋಧನಾ ಪ್ರಬಂಧಕ್ಕೆ ಸುದ್ದಿಪತ್ರಿಕೆಗಳ ಲೇಖನಗಳನ್ನು ಆಧಾರವಾಗಿ ಬಳಸಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಪತ್ರಿಕೆಯನ್ನು ನಂಬಬಹುದು, ಒಂದು ಪಟ್ಟಿ ಕೊಟ್ಟುಬಿಡಿ. ಪಟ್ಟಿಯನ್ನೇ ನಂಬಿ ಕೂತರೆ ಕೆಲಸ ಕೆಡುತ್ತದೆ. ಒಂದೇ ಪತ್ರಿಕೆಯಲ್ಲಿ ವರದಿ ಇರುತ್ತದೆ, ಅಂಕಣ ಇರುತ್ತದೆ, ಸಂಪಾದಕೀಯ ಇರುತ್ತದೆ, ಜೊತೆಗೆ ಕಂಪನಿಯವರು ದುಡ್ಡು ಕೊಟ್ಟು ಬರೆಸಿದ್ದೂ ವರದಿಯ ವೇಷ ಹಾಕಿಕೊಂಡು ಕೂತಿರುತ್ತದೆ. ತಲೆಬರಹದ ಆಸುಪಾಸಿನಲ್ಲಿ ಸಣ್ಣಕ್ಷರದಲ್ಲಿ ‘ಪ್ರಾಯೋಜಿತ’ ಅಂತ ಇದೆಯಾ, ಮೊದಲು ನೋಡಿ. ಅಂಕಣ ಬಳಸಬಾರದು ಅಂತಲ್ಲ. ಇಂಥವರ ಅಭಿಪ್ರಾಯ ಇದು ಅಂತ ಹೇಳಿಯೇ ಬಳಸಿ.

ಒಂದೇ ಸುದ್ದಿ ಐದು ಪತ್ರಿಕೆಗಳಲ್ಲಿ ಸಿಕ್ಕಿದರೆ ಐದು ಆಧಾರ ಆಯ್ತು ಅಲ್ವಾ? ಆಗಲ್ಲ. ವರದಿಯ ಮೊದಲಲ್ಲೋ ಕೊನೆಯಲ್ಲೋ ರಾಯಿಟರ್ಸ್, ಎಎಫ್‌ಪಿ, ಅಸೋಸಿಯೇಟೆಡ್ ಪ್ರೆಸ್ ಅಂತ ಇದೆಯಾ ಹುಡುಕಿ. ಸುದ್ದಿಸಂಸ್ಥೆಯ ಒಬ್ಬ ವರದಿಗಾರ ಬರೆದದ್ದನ್ನೇ ಎಷ್ಟೋ ಪತ್ರಿಕೆಗಳು ತಲೆಬರಹ ಬದಲಿಸಿ ಹಾಕಿಕೊಳ್ಳುತ್ತವೆ. ಎರಡನ್ನು ಪಕ್ಕಪಕ್ಕ ಇಟ್ಟು ಓದಿ, ಕೆಲವೊಮ್ಮೆ ಅಲ್ಪವಿರಾಮ ಕೂಡ ಅದೇ ಜಾಗದಲ್ಲಿರುತ್ತದೆ. ಅದೆಲ್ಲ ಸೇರಿ ಒಂದೇ ಆಧಾರ.

ನಾನು ಒಂದು ಪತ್ರಿಕೆಯನ್ನು ಅಳೆಯುವುದು ಅದರ ತಿದ್ದುಪಡಿಗಳಿಂದ. ಜರ್ಮನಿಯ ಡೆರ್ ಶ್ಪೀಗಲ್ ವಾರಪತ್ರಿಕೆಯಲ್ಲಿ ಸತ್ಯಾಂಶ ಪರಿಶೀಲಿಸುವುದಕ್ಕೇ ದೊಡ್ಡ ವಿಭಾಗ ಇದೆ. ಆದರೂ ಪ್ರಶಸ್ತಿಗಳ ಮೇಲೆ ಪ್ರಶಸ್ತಿ ಗೆದ್ದ ಅವರ ವರದಿಗಾರ ಕ್ಲಾಸ್ ರೆಲೋಟಿಯಸ್ ಪಾತ್ರಗಳನ್ನೇ ಹುಟ್ಟಿಸಿ ಬರೆದಿದ್ದ. ಅನುಮಾನ ಬಂದು ಬೆನ್ನುಹತ್ತಿದ್ದು ಅವನ ಜೊತೆ ವರದಿ ಮಾಡಿದ್ದ ಹುವಾನ್ ಮೊರೆನೊ, ಅದೂ ಸುಲಭಕ್ಕೆ ಯಾರೂ ನಂಬಲಿಲ್ಲ. 2018ರ ಡಿಸೆಂಬರ್‌ನಲ್ಲಿ ಪತ್ರಿಕೆಯೇ ಇದನ್ನೆಲ್ಲ ಅಚ್ಚು ಹಾಕಿತು. ತಪ್ಪನ್ನು ಸುಮ್ನೆ ಅಳಿಸಿಹಾಕುವ ಜಾಲತಾಣಕ್ಕಿಂತ ಇಂಥ ಕಡೆಯ ವರದಿಯನ್ನು ನಾನು ಜಾಸ್ತಿ ನಂಬುತ್ತೇನೆ.

ವಿಜ್ಞಾನ, ಆರೋಗ್ಯದ ಸುದ್ದಿಯಾದರೆ ಅಲ್ಲಿಗೇ ನಿಲ್ಲಬೇಡಿ, ಮೂಲ ಅಧ್ಯಯನ ತೆಗೆಯಿರಿ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಪ್ರಬಂಧ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 1998ರಲ್ಲಿ, ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವಿನ ವರ್ಷಗಳ ವರದಿಗಳು ಹುಡುಕಿದರೆ ಈಗಲೂ ಸಿಗುತ್ತವೆ, ಎಷ್ಟೋ ಕಡೆ ಮುಂದೇನಾಯಿತು ಅನ್ನೋ ಒಂದು ಸಾಲೂ ಇರಲ್ಲ.

ಹುಡುಕುವುದಕ್ಕೆ ಗೂಗಲ್‌ಗಿಂತ ಮೊದಲು ಕಾಲೇಜು ಲೈಬ್ರರಿಯ ಲಾಗಿನ್ ಕೇಳಿ ಪಡೆಯಿರಿ. ಪ್ರೊಕ್ವೆಸ್ಟ್, ಫ್ಯಾಕ್ಟಿವಾ ಥರದ ಪತ್ರಿಕಾ ಲೇಖನಗಳ ಡೇಟಾಬೇಸ್ ಇದ್ದರೆ ದಿನಾಂಕ, ಪತ್ರಿಕೆ ಎಲ್ಲ ಆರಿಸಿ ಹುಡುಕಬಹುದು. ಅಮೆರಿಕದ ಹಳೇ ಪತ್ರಿಕೆ ಬೇಕಿದ್ದರೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಅನ್ನೋ ಆನ್‌ಲೈನ್ ಸಂಗ್ರಹ ಉಚಿತ. ಹಳೇ ಅಚ್ಚು ಮಾಸಿರುತ್ತದೆ, ಕಂಪ್ಯೂಟರ್ ಅಕ್ಷರ ತಪ್ಪಾಗಿ ಓದಿರುತ್ತದೆ, ಹಾಗಾಗಿ ಒಂದು ಪದಕ್ಕೆ ಏನೂ ಸಿಗದಿದ್ದರೆ ಆ ಕಾಲದವರು ಬಳಸುತ್ತಿದ್ದ ಇನ್ನೊಂದು ಪದ ಹಾಕಿ ನೋಡಿ. 1918ರ ಸಾಂಕ್ರಾಮಿಕಕ್ಕೆ ‘ಸ್ಪ್ಯಾನಿಷ್ ಇನ್‌ಫ್ಲುಯೆಂಜಾ’ ಅಂತ ಹುಡುಕಬೇಕು, ಈಗಿನವರ ಹಾಗೆ ವೈರಸ್ ಹೆಸರು ಹಿಡಿದು ಎಚ್1ಎನ್1 ಅಂತಲ್ಲ.

ಆನ್‌ಲೈನ್ ಲೇಖನವಾದರೆ ಓದಿದ ದಿನವೇ ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮೆಷಿನ್ ಅನ್ನೋ ತಾಣದಲ್ಲಿ ಒಂದು ಪ್ರತಿ ಉಳಿಸಿ, ದಿನಾಂಕ ಬರೆದಿಡಿ. ನೀವು ಪ್ರಬಂಧ ಮುಗಿಸುವಷ್ಟರಲ್ಲಿ ಅದರ ತಲೆಬರಹವೇ ಬದಲಾಗಿರಬಹುದು.